ಅಲ್ಪ ಬೆಲೆಯೇ? ಎರಡು ಹಳೆಯ ಪುಸ್ತಕಗಳನ್ನು ಓದಿ

ಪುಸ್ತಕ ಪರಿಚಯದ ಈ ಪುಟಕ್ಕೆ ಈ ಸಲ ಕನ್ನಡ ಪುಸ್ತಕವಿಲ್ಲ. ಊರಿನಿಂದ ಬರುವ ಸೂಟ್‌ಕೇಸುಗಳಲ್ಲಿ ಹಪ್ಪಳಕ್ಕೆ, ಚಟ್ನಿಪುಡಿಗೆ ಸಿಗುವ ಜಾಗ ಕಾದಂಬರಿಗೆ ಸಿಗುವುದಿಲ್ಲ ಎಂಬುದು ಒಂದು ಕಾರಣ. ಮಗಳಿಗಾಗಿ ಗ್ರಂಥಾಲಯದಲ್ಲಿ ಕಾಯುತ್ತ ಕುಳಿತಿದ್ದಾಗ ಕಪಾಟಿನಿಂದ ಸುಮ್ಮನೆ ಎಳೆದ ಒಂದು ಪುಸ್ತಕ ಎರಡು ವಾರ ನಮ್ಮ ನಿದ್ದೆ ಕೆಡಿಸಿತು ಎಂಬುದು ಮತ್ತೊಂದು. ಅದರ ಹೆಸರು 'ಎ ಸ್ಮಾಲ್ ಪ್ರೈಸ್ ಟು ಪೇ'. 'ತೆರಬೇಕಾದ ಅಲ್ಪ ಬೆಲೆ' ಎನ್ನಬಹುದು. ಬರೆದವರು ಆನ್ ಬೀಗಲ್‌ಹೋಲ್, ಪ್ರಕಟವಾದದ್ದು 1988ರಲ್ಲಿ. 1936ರಿಂದ 1946ರವರೆಗೆ ಹಿಟ್ಲರನಿಂದ ತಪ್ಪಿಸಿಕೊಂಡು ನ್ಯೂಜಿಲೆಂಡಿಗೆ ಬಂದವರ ಚರಿತ್ರೆ ಇದು. ಬಂದವರಲ್ಲಿ ಬಹುಪಾಲು ಯಹೂದಿಗಳು. ಇದೇ ಲೇಖಕಿಯ 'ಫೇಸಿಂಗ್ ದ ಪಾಸ್ಟ್' 1990ರಲ್ಲಿ ಬಂತು. ಅದು ಆ ವಲಸಿಗರ ಮಕ್ಕಳ ಕಥೆ. ಎರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದನ್ನಷ್ಟೇ ಓದಿ ಮುಚ್ಚಿಟ್ಟರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಯಹೂದಿಗಳಿಗೂ ನಮ್ಮ ಊರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಎರಡು ಮಾತು. ಕ್ರೈಸ್ಟ್‌ಚರ್ಚಿನಲ್ಲಿ ಯಹೂದಿ ಸಭೆ 1860ರ ದಶಕದಿಂದಲೂ ಇದೆ. ಗ್ಲಾಸ್ಟರ್ ಬೀದಿಯಲ್ಲಿ 1881ರಲ್ಲಿ ಅವರು ಕಟ್ಟಿಸಿದ ಕಲ್ಲಿನ ಪ್ರಾರ್ಥನಾ ಮಂದಿರ ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಅದನ್ನು ಉರುಳಿಸಿದ್ದು ಭೂಕಂಪವಲ್ಲ. ಜಾಗ ಮಾರಾಟವಾಗಿ 1987ರಲ್ಲೇ ಕೆಡವಿದರು. ಸಭೆ ಡರಮ್ ಬೀದಿಗೆ ಹೋಯಿತು. ಸಂಖ್ಯೆಯಲ್ಲಿ ಅವರು ಎಂದೂ ಬೆರಳೆಣಿಕೆಯ ಕುಟುಂಬಗಳೇ. ಅವರ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಲೇಬೇಕು. ನಮ್ಮ ವಾರ್ಷಿಕ ಮಹಾಸಭೆಗೆ ಕೋರಂ ಕೂಡಿಸಲು ಕಾರ್ಯದರ್ಶಿಗಳು ಊಟದ ಪಟ್ಟಿಯನ್ನು ಮೊದಲೇ ಪ್ರಕಟಿಸುವುದನ್ನು ನೆನೆದರೆ, ನೂರೈವತ್ತು ವರ್ಷ ಹತ್ತು ಜನರನ್ನು ಕೂಡಿಸುತ್ತ ಬಂದವರ ಬಗ್ಗೆ ಗೌರವ ಹುಟ್ಟದೆ ಇರದು.

ಮೊದಲ ಪುಸ್ತಕದ ಬಲ ಅದರ ತಗ್ಗಿದ ದನಿ. ಲೇಖಕಿ ಸ್ವತಃ 1956ರ ಹಂಗೆರಿಯ ದಂಗೆಯ ನಂತರ ಇಲ್ಲಿಗೆ ಬಂದ ಕುಟುಂಬದ ಮಗು. ಕೂಗಾಡಲು ಕಾರಣವಿದ್ದೂ ಕೂಗಾಡುವುದಿಲ್ಲ. ಸರ್ಕಾರಿ ಕಡತವನ್ನೂ ಜನರ ನೆನಪನ್ನೂ ಅಕ್ಕಪಕ್ಕದಲ್ಲಿಟ್ಟು ತಾವು ಹಿಂದೆ ಸರಿಯುತ್ತಾರೆ. ಆ ವರ್ಷಗಳಲ್ಲಿ ಇಲ್ಲಿಗೆ ಬರಲು ಅನುಮತಿ ಪಡೆದ ಯಹೂದಿ ನಿರಾಶ್ರಿತರು ಸುಮಾರು 1,100 ಮಂದಿ. ಅರ್ಜಿ ಹಾಕಿ ನಿರಾಕರಣೆ ಪಡೆದವರು ಅದಕ್ಕಿಂತ ಎಷ್ಟೋ ಹೆಚ್ಚು. ಅನುಮತಿ ಕೊಡುತ್ತಿದ್ದುದು ಕಸ್ಟಮ್ಸ್ ಇಲಾಖೆ! ಬಂದರಿನಲ್ಲಿ ಸರಕಿನ ಪೆಟ್ಟಿಗೆ ತೆರೆಸಿ ನೋಡುವವರೇ ಮನುಷ್ಯರ ಪ್ರಾಣವನ್ನೂ ತೂಗಿದರು. ಬಂದವರಿಗೆ ಯುದ್ಧ ಶುರುವಾದೊಡನೆ 'ಶತ್ರುದೇಶದ ಪರಕೀಯರು' ಎಂಬ ಹಣೆಪಟ್ಟಿ. ಹಿಟ್ಲರನಿಂದ ಓಡಿಬಂದವರನ್ನು ಹಿಟ್ಲರನ ಕಡೆಯವರೆಂದು ಗುಮಾನಿಯಿಂದ ನೋಡಿದರು. ಬೀದಿಯಲ್ಲಿ ಜರ್ಮನ್ ಮಾತಾಡಬೇಡಿ ಎಂಬ ಬುದ್ಧಿವಾದ ಬೇರೆ. 1945ರಲ್ಲಿ ಮಾಜಿ ಸೈನಿಕರ ಸಂಘ ಇವರನ್ನೆಲ್ಲ ಹಿಂದಕ್ಕೆ ಕಳಿಸಬೇಕೆಂದು ನಿರ್ಣಯವನ್ನೇ ಮಾಡಿತು. ಸರ್ಕಾರ ಹಾಗೆ ಮಾಡಲಿಲ್ಲ, ಪುಣ್ಯ.

ವೈದ್ಯರ ಭಾಗವನ್ನು ನಾವು ಎರಡು ಸಲ ಓದಿದೆವು. ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು ಡನೀಡಿನ್ನಿನ ಒಟಾಗೊ ವೈದ್ಯಕೀಯ ಶಾಲೆಯಲ್ಲಿ ಹುಡುಗರ ಜೊತೆ ಮತ್ತೆ ಬೆಂಚಿನ ಮೇಲೆ ಕೂತರು. ಎಂ.ಬಿ.ಬಿ.ಎಸ್. ಮುಗಿಸಿ, ಹೊರದೇಶದಲ್ಲಿ ರೆಸಿಡೆನ್ಸಿಯನ್ನೂ ಮುಗಿಸಿ ಬಂದ ನಮಗೆ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬಾಗಿಲ ಬಳಿ ನಿಂತು ಬರಿದೇ ನೋಡುವ ಕೆಲಸ ಸಿಕ್ಕಿತ್ತು. ರೋಗಿಯ ನಾಡಿ ಮುಟ್ಟುವಂತಿರಲಿಲ್ಲ. ಆಗ ನಾವೂ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಅದೇ ಮಾತು: ಇಷ್ಟು ಒಳ್ಳೆಯ ದೇಶಕ್ಕೆ ಇದೇನು ಮಹಾ ಬೆಲೆ.

ಹಾಗೆಂದು ಅವರದನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಅವರು ಬಂದದ್ದು ಪ್ರಾಣ ಉಳಿಸಿಕೊಳ್ಳಲು, ನಾವು ಬಂದದ್ದು ವೀಸಾ ಪಡೆದು, ಶಿಪ್ಪಿಂಗ್ ಡಬ್ಬದಲ್ಲಿ ಗ್ರೈಂಡರನ್ನೂ ತುಂಬಿಸಿಕೊಂಡು. ಹಿಂದಕ್ಕೆ ಹೋಗಲು ಅವರಿಗೆ ಮನೆಯೇ ಉಳಿದಿರಲಿಲ್ಲ. ನಾವು ಎರಡು ವರ್ಷಕ್ಕೊಮ್ಮೆ ಹೋಗಿ ಮದುವೆಯೂಟ ಉಂಡು ಬರುತ್ತೇವೆ.

ಅಂದಹಾಗೆ, ಆ ಕಾಲದ ನಿರಾಶ್ರಿತರನ್ನು ನಮ್ಮ ನಾಡೂ ಕಂಡಿದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೆಲಸ ಕಳೆದುಕೊಂಡು ಜರ್ಮನಿ ಬಿಟ್ಟವರು. 1935ರಲ್ಲಿ ಬೆಂಗಳೂರಿಗೆ ಬಂದಾಗ ಸಿ.ವಿ. ರಾಮನ್ ಅವರನ್ನು ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಉಳಿಸಿಕೊಳ್ಳಲು ಹೆಣಗಿದರು. ವಿರೋಧ ಬಂದು ಅದು ಕೈಗೂಡಲಿಲ್ಲ, ಬಾರ್ನ್ ಎಡಿನ್‌ಬರೊಗೆ ಹೋದರು. ಅವರ ಬಂಧು ಆಟೋ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅಂದರೆ ನಾವು ಬಾಗಿಲು ತಟ್ಟುವವರ ಕಡೆಯವರಷ್ಟೇ ಅಲ್ಲ, ಬಾಗಿಲು ತೆರೆಯುವ, ಅರ್ಧ ತೆರೆದು ಮುಚ್ಚುವ ಕಡೆಯವರೂ ಆಗಿದ್ದೆವು.

ಎರಡನೆಯ ಪುಸ್ತಕಕ್ಕೆ ಬರೋಣ. ಕಟ್ಟುವಿಕೆಯಲ್ಲಿ ಇದು ಮೊದಲನೆಯದಕ್ಕಿಂತ ಸಡಿಲ. ಹಲವರ ಮಾತು ಒಂದರ ಮೇಲೊಂದು ಬರುವುದರಿಂದ ಯಾರ ಕಥೆ ಎಲ್ಲಿಗೆ ಮುಟ್ಟಿತೆಂದು ಹಿಂದಿನ ಪುಟ ತಿರುವಿ ನೋಡಬೇಕಾಯಿತು. ಆದರೆ ಮೊದಲ ಪುಸ್ತಕದ ತಲೆಬರಹಕ್ಕೆ ಉತ್ತರ ಇರುವುದು ಇಲ್ಲಿ. ತಂದೆತಾಯಿ ಅಲ್ಪವೆಂದು ಹೇಳಿದ ಬೆಲೆಯ ಬಿಲ್ಲು ಬಂದದ್ದು ಮಕ್ಕಳ ಹೆಸರಿಗೆ. ಅಪ್ಪ ಅಮ್ಮನ ಉಚ್ಚಾರಣೆ ಕೇಳಿ ನಾಚಿಕೊಂಡವರು, ಎಲ್ಲರಂತೆ ಕಾಣಲು ಹಂಬಲಿಸಿದವರು, ಅಜ್ಜ ಅಜ್ಜಿ ಎಂದರೆ ಏನೆಂದೇ ತಿಳಿಯದವರು. ಮನೆಯಲ್ಲಿ ಹಿಂದಿನದನ್ನು ಯಾರೂ ಎತ್ತುತ್ತಿರಲಿಲ್ಲ. ಆ ಮೌನದೊಳಗೆ ಸತ್ತವರಿದ್ದರು. ಆಡಲು ಬಾಯಿ ಬಾರದ ಮಾತುಗಳವು.

ಇಂಥ ಮನೆಗಳಿಂದ ಬಂದವರು ತಮ್ಮನ್ನು ಏನೆಂದು ಕರೆದುಕೊಂಡರು? ಒಂದೇ ಉತ್ತರವಿಲ್ಲ. ನಮ್ಮ ಊರಿನಲ್ಲೇ ಎರಡು ಉದಾಹರಣೆಗಳಿವೆ. ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ 1937ರಲ್ಲಿ ವಿಯೆನ್ನಾ ಬಿಟ್ಟು ಬಂದು, ಇಂದು ನಾವು ಕಾಫಿ ಕುಡಿಯಲು ಹೋಗುವ ಆರ್ಟ್ಸ್ ಸೆಂಟರಿನ ಕಟ್ಟಡಗಳಲ್ಲಿ ಆಗ ಇದ್ದ ಕಾಲೇಜಿನಲ್ಲಿ ಪಾಠ ಹೇಳಿದರು, ಇಲ್ಲಿದ್ದಾಗಲೇ 'ದಿ ಓಪನ್ ಸೊಸೈಟಿ' ಗ್ರಂಥ ಬರೆದರು. ಹೆತ್ತವರು ಹುಟ್ಟಿನಿಂದ ಯಹೂದಿಗಳು, ಮಗ ಹುಟ್ಟುವ ಮುನ್ನವೇ ಕ್ರೈಸ್ತರಾದವರು. ಯಹೂದಿ ಎಂಬ ಹೆಸರನ್ನು ಪಾಪ್ಪರ್ ತಮಗೆ ಒಪ್ಪಿಕೊಳ್ಳಲಿಲ್ಲ. ಇನ್ನೊಬ್ಬರು 2008ರಿಂದ 2016ರವರೆಗೆ ಪ್ರಧಾನಿಯಾಗಿದ್ದ ಜಾನ್ ಕೀ. ತಾಯಿ ರೂತ್ ಲಜಾರ್ ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಯಹೂದಿ, ವಿಧವೆಯಾದ ಮೇಲೆ ಬ್ರಿಂಡ್ವರ್ ಬಡಾವಣೆಯ ಸರ್ಕಾರಿ ಮನೆಯಲ್ಲಿ ಮಕ್ಕಳನ್ನು ಬೆಳೆಸಿದಾಕೆ. ತಾಯಿಯ ಕಡೆಯಿಂದ ಬರುವ ಕುಲವೆಂಬ ಅವರ ಶಾಸ್ತ್ರದ ಪ್ರಕಾರ ಮಗ ಯಹೂದಿಯೇ, ಮಗನೋ ತಾನು ಧಾರ್ಮಿಕನಲ್ಲ ಎಂದವರು. ಇವರಲ್ಲಿ ಯಾರು ಸರಿ ಎಂದು ಕೇಳುವುದು ವ್ಯರ್ಥ. ಇಬ್ಬರಿಗೂ ತಾವು ಏನನ್ನು ಬಿಟ್ಟೆವು, ಏನನ್ನು ಇಟ್ಟುಕೊಂಡೆವು ಎಂಬುದು ಗೊತ್ತಿತ್ತು.

ಪುಸ್ತಕ ಮೇಜಿನ ಮೇಲಿದ್ದಾಗ ಮಗಳು ಒಂದು ಸಂಜೆ ಅದನ್ನು ತಿರುವಿ ಹಾಕುತ್ತ ಇಂಗ್ಲಿಷಿನಲ್ಲೇ ಕೇಳಿದಳು: "ಅಪ್ಪಾ, ನಾವು ಯಾವುದರಿಂದ ಓಡಿ ಬಂದದ್ದು?" ಯಾವುದರಿಂದಲೂ ಇಲ್ಲ ಎಂದೆವು. "ಹಾಗಾದರೆ ನೀವೇಕೆ ಏನೂ ಹೇಳುವುದಿಲ್ಲ?" ಎಂದಳು.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ನಮ್ಮ ಭಾಷೆಯನ್ನು ಬೀದಿಯಲ್ಲಿ ಆಡಬೇಡಿ ಎಂದು ಯಾರೂ ಹೇಳಿದ್ದಿಲ್ಲ. 2019ರ ಮಾರ್ಚ್ 15ರಂದು ಇದೇ ಊರಿನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದ ಮೇಲೆ, ಆ ಶನಿವಾರ ಯಹೂದಿ ಮಂದಿರಗಳೂ ಬಾಗಿಲು ಹಾಕಿದ ಮೇಲೆ, ಬಸ್ಸಿನಲ್ಲಿ ದನಿ ತಗ್ಗಿಸಿದ್ದು ನಿಜ. ಅದು ಕೆಲವು ವಾರ. ಅದಕ್ಕೂ ಎಷ್ಟೋ ವರ್ಷ ಮೊದಲೇ ಮನೆಯೊಳಗೆ, ಬಾಗಿಲು ಹಾಕಿಕೊಂಡು, ನಾವೇ ಇಂಗ್ಲಿಷಿಗೆ ಇಳಿದಿದ್ದೆವು. ಮಗುವಿಗೆ ಶಾಲೆಯಲ್ಲಿ ಕಷ್ಟವಾಗಬಾರದೆಂದು ಮೊದಲು, ರಾತ್ರಿ ಪಾಳಿ ಮುಗಿಸಿ ಬಂದ ಆಯಾಸಕ್ಕೆ ಆಮೇಲೆ. ಆ ಯಹೂದಿ ಹೆತ್ತವರದು ಹೇಳಲಾಗದ ಮೌನ. ನಮ್ಮದು ಸೋಮಾರಿತನ.

ಹಾಸನದಲ್ಲಿರುವ ನಮ್ಮ ತಾಯಿಗೆ ಭಾನುವಾರ ಫೋನು ಮಾಡಿದಾಗ ಮಗಳ ಪಾಲಿಗೆ "ಅಜ್ಜಿ, ಊಟ ಆಯ್ತಾ?" ಎಂಬ ಒಂದೇ ವಾಕ್ಯವಿರುತ್ತಿತ್ತು, ಅದಾದ ಮೇಲೆ ಫೋನು ನಮ್ಮ ಕೈಗೆ. ಹೋದ ಭಾನುವಾರ ಫೋನನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಜ್ಜ ಹಳ್ಳಿ ಬಿಟ್ಟು ಪೇಟೆಗೆ ಬಂದದ್ದೇಕೆ ಎಂದು ಕೇಳು ಎಂದೆವು. ಅಜ್ಜಿ ನಲವತ್ತು ನಿಮಿಷ ಮಾತಾಡಿದರು, ನಾವು ಪಕ್ಕದಲ್ಲಿ ನಿಂತು ಅನುವಾದ ಮಾಡಿದೆವು. ಅದರಲ್ಲಿ ಅರ್ಧ ನಮಗೂ ಹೊಸತು.

ಎರಡೂ ಪುಸ್ತಕಗಳನ್ನು ಈ ತಿಂಗಳ ಕೊನೆಗೆ ಗ್ರಂಥಾಲಯಕ್ಕೆ ಮರಳಿಸುತ್ತೇವೆ. ಮುಂದೆ ಯಾರಿಗೆ ಬೇಕೋ ಅವರು ಈಗಲೇ ಹೆಸರು ಬರೆಸಿಡುವುದು ಒಳ್ಳೆಯದು. ಒಂದನ್ನೇ ತರುವುದಾದರೆ ಎರಡನೆಯದನ್ನು ತನ್ನಿ.