ಸಣ್ಣ ಕ್ಯಾಮೆರಾ, ಪೇಟೆಯ ಬೀದಿ ಮತ್ತು ಕಾಲದ ಸಾಕ್ಷ್ಯ: ಗದಗ ಪರಿಸರವನ್ನು ಕುರಿತ ಒಂದು ವಿವೇಚನೆ

1

ಧಾರವಾಡ ಸೀಮೆಯ ಶಿಲ್ಪಸಂಪತ್ತು ಭಾರತೀಯ ಛಾಯಾಗ್ರಹಣದ ಇತಿಹಾಸದಲ್ಲಿ ಬಹಳ ಬೇಗನೆ ಸ್ಥಾನ ಪಡೆಯಿತು. 1850ರ ದಶಕದಲ್ಲಿ ಥಾಮಸ್ ಬಿಗ್ಸ್, ವಿಲಿಯಂ ಹೆನ್ರಿ ಪಿಗೂ ಮತ್ತು ಎ.ಸಿ.ಬಿ. ನೀಲ್ ಅವರು ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ, 1866ರಲ್ಲಿ ಲಂಡನ್ನಿನಿಂದ ಗ್ರಂಥರೂಪದಲ್ಲಿ ಹೊರಬಂದವು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವೇ ಅದರ ವಸ್ತು. ಗದಗಿನ ತ್ರಿಕೂಟೇಶ್ವರ ದೇವಾಲಯ ಸಮುಚ್ಚಯವನ್ನು ಪಿಗೂ ಆ ಕಾಲದಲ್ಲಿಯೇ ಚಿತ್ರಿಸಿದ್ದನು.

ಈ ಪರಂಪರೆಯ ಮಹತ್ವವನ್ನು ಒಪ್ಪಿಕೊಂಡೂ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಗುಡಿಯ ಪ್ರಾಕಾರದ ಆಚೆಗಿದ್ದ ಪೇಟೆ ಎಲ್ಲಿ ಹೋಯಿತು? ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮುಕ್ಕಾಲಿಯ ಮೇಲಿನ ಭಾರವಾದ ಕ್ಯಾಮೆರಾಕ್ಕೆ ದೀರ್ಘಕಾಲದ ಬೆಳಕು ಬೇಕಾಗಿತ್ತು. ಕಲ್ಲು ಕದಲುವುದಿಲ್ಲ, ಮನುಷ್ಯ ಕದಲುತ್ತಾನೆ. ಅಂಥ ಚಿತ್ರಗಳಲ್ಲಿ ಮನುಷ್ಯಾಕೃತಿ ಕಂಡರೂ ಅದು ಬಹುಮಟ್ಟಿಗೆ ಕಂಬದ ಎತ್ತರವನ್ನು ತಿಳಿಸುವ ಅಳತೆಗೋಲು. ಮುಂದೆ ಸ್ಟುಡಿಯೋಗಳು ಬಂದಾಗ ಮನುಷ್ಯ ಚಿತ್ರದೊಳಕ್ಕೆ ಬಂದನು. ಆದರೆ ಬೀದಿಯನ್ನು ಹೊರಗೆ ಬಿಟ್ಟು, ಬಣ್ಣದ ಪರದೆಯ ಮುಂದೆ ಬಂದು ಕುಳಿತನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಛಾಯಾಗ್ರಹಣಕ್ಕೆ ಕೀರ್ತಿ ತಂದದ್ದು ಹೆಚ್ಚಾಗಿ ವನ್ಯಜೀವಿ ಚಿತ್ರಗಳು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ಹೆಸರುಗಳನ್ನು ಇಲ್ಲಿ ಸ್ಮರಿಸಬಹುದು. ಜನಸಾಮಾನ್ಯರ ನಿತ್ಯಜೀವನವನ್ನೇ ವಸ್ತುವಾಗಿ ಆರಿಸಿಕೊಂಡ ಟಿ.ಎಸ್. ಸತ್ಯನ್ (1923–2009) ಅವರ ಸಾಧನೆ ಈ ಹಿನ್ನೆಲೆಯಲ್ಲಿ ವಿಶಿಷ್ಟವಾದುದು. ಆದರೂ ಗದಗ-ಬೆಟಗೇರಿಯಂಥ ಎರಡನೆಯ ಸಾಲಿನ ನಗರಗಳ ಬೀದಿ ನಮ್ಮ ಚಿತ್ರಸಂಗ್ರಹಗಳಲ್ಲಿ ಇನ್ನೂ ವಿರಳ.

2

ಈ ಕೊರತೆಯನ್ನು ತುಂಬಬಲ್ಲ ಸಾಧನ ಜೇಬಿನಲ್ಲಿ ಹಿಡಿಯುವ ಸಣ್ಣ ಫಿಲ್ಮ್ ಕ್ಯಾಮೆರಾ. 1966ರ ರೋಲೈ 35, 1967ರಿಂದ 1984ರವರೆಗೆ ತಯಾರಾದ ಒಲಿಂಪಸ್ ಟ್ರಿಪ್ 35, 1979ರ ಒಲಿಂಪಸ್ ಎಕ್ಸ್‌ಎ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಡಿಜಿಟಲ್ ಯುಗದಲ್ಲಿ ಹೊಸ ತಲೆಮಾರಿನ ಛಾಯಾಗ್ರಾಹಕರು ಇವುಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ.

ಟ್ರಿಪ್ 35ರ ರಚನೆಯನ್ನು ಉದಾಹರಣೆಯಾಗಿ ನೋಡಬಹುದು. ಅದಕ್ಕೆ ಬ್ಯಾಟರಿ ಬೇಡ. ಮಸೂರದ ಸುತ್ತಲಿನ ಸೆಲೆನಿಯಂ ಕೋಶವೇ ಬೆಳಕನ್ನು ಅಳೆಯುತ್ತದೆ. ಷಟರಿನ ವೇಗಗಳು ಎರಡೇ: ಸೆಕೆಂಡಿನ ನಲವತ್ತನೆಯ ಒಂದು ಭಾಗ, ಇನ್ನೂರನೆಯ ಒಂದು ಭಾಗ. ದೂರವನ್ನು ಸೂಚಿಸಲು ನಾಲ್ಕು ಸಂಕೇತಗಳಿವೆ. ಅವು ಸುಮಾರು 1 ಮೀಟರ್, 1.5 ಮೀಟರ್, 2.7 ಮೀಟರ್ ಮತ್ತು ಅನಂತ ದೂರಕ್ಕೆ ಸಲ್ಲುತ್ತವೆ. ಬೆಳಕು ಸಾಲದಿದ್ದರೆ ಕಿಂಡಿಯಲ್ಲಿ ಕೆಂಪು ಗುರುತು ಮೇಲೆದ್ದು, ಗುಂಡಿ ಒತ್ತಿದರೂ ಷಟರು ತೆರೆಯುವುದಿಲ್ಲ.

ಈ ಮಿತಿಗಳು ಚಿತ್ರದ ಸ್ವರೂಪವನ್ನೇ ನಿರ್ಧರಿಸುತ್ತವೆ. 40 ಮಿಲಿಮೀಟರ್ ಮಸೂರಕ್ಕೆ ದೂರದ ಮುಖವನ್ನು ಹತ್ತಿರಕ್ಕೆ ಎಳೆಯುವ ಶಕ್ತಿಯಿಲ್ಲ. ಆದ್ದರಿಂದ ಛಾಯಾಗ್ರಾಹಕನು ತಾನೇ ಹತ್ತಿರ ಹೋಗಬೇಕು. ಎರಡೂವರೆ ಮೀಟರ್ ಎಂಬುದು ಮಾತು ಕೇಳಿಸುವ ದೂರ. ಅಲ್ಲಿ ನಿಂತವನನ್ನು 'ಯಾರಿಪಾ ನೀ, ಯಾವೂರು?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕದ್ದು ತೆಗೆದ ಚಿತ್ರಕ್ಕೂ ಉತ್ತರ ಹೇಳಿ ತೆಗೆದ ಚಿತ್ರಕ್ಕೂ ಇರುವ ಅಂತರ ಅಲ್ಲಿಂದಲೇ ಆರಂಭವಾಗುತ್ತದೆ. ಬೆಟಗೇರಿಯ ಕುಣಿಮಗ್ಗದ ಕೋಣೆಯಲ್ಲಾಗಲಿ, 'ಮುದ್ರಣ ಕಾಶಿ' ಎನಿಸಿಕೊಂಡ ಗದಗಿನ ಅಚ್ಚುಕೂಟದ ಒಳಮನೆಯಲ್ಲಾಗಲಿ ಈ ಕ್ಯಾಮೆರಾ ಬಹುಶಃ ಕೆಂಪು ಗುರುತನ್ನೇ ತೋರಿಸೀತು. ಹಾಗಾಗಿ ಅದು ಕೆಲಸಗಾರನನ್ನು ಹೊಸ್ತಿಲಲ್ಲಿ, ಕಟ್ಟೆಯ ಮೇಲೆ, ಬಿಡುವಿನ ವೇಳೆಯಲ್ಲಿ ಕಾಣುತ್ತದೆಯೇ ಹೊರತು ದುಡಿಮೆಯ ನಡುವೆ ಅಲ್ಲ. ಇದು ಈ ಬಗೆಯ ಚಿತ್ರಗಳ ನಿಜವಾದ ದೋಷ. ಇಂಥ ಚಿತ್ರಗಳನ್ನಷ್ಟೇ ನೋಡಿದ ಸಂಶೋಧಕನು ನೇಕಾರರ ಊರನ್ನು ಹರಟೆಯ ಊರೆಂದು ತಿಳಿಯುವ ಅಪಾಯವಿದೆ.

3

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಇಂದು ಈ ಕ್ಯಾಮೆರಾಗಳಿಗೆ ದೊರೆತಿರುವ ಪ್ರಚಾರ ಬಹುಪಾಲು ಅವುಗಳ 'ಹಳೆಯ ನೋಟ'ಕ್ಕೆ ಸಂಬಂಧಿಸಿದ್ದು: ಕಣಕಣವಾದ ಛಾಯೆ, ಅಂಚಿನಲ್ಲಿ ಸೋರಿದ ಬೆಳಕು, ಮಾಸಿದ ಬಣ್ಣ. ಬೀದಿಯ ಚಿತ್ರಕ್ಕೆ ಇದು ನಿರಪಾಯಕಾರಿ ಅಲಂಕಾರವಲ್ಲ. 1954ರಲ್ಲಿ 35 ಮಿಲಿಮೀಟರ್ ರೂಪದಲ್ಲಿ ಬಂದ ಕೊಡಕ್ ಟ್ರೈ-ಎಕ್ಸ್ ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಇಂದಿಗೂ ಸಿಗುತ್ತದೆ. ಈ ವರ್ಷ ತೆಗೆದ ಚಿತ್ರವು ಅರ್ಧ ಶತಮಾನದ ಹಿಂದಿನದೆಂದು ತೋರುವುದಕ್ಕೆ ಇಷ್ಟೇ ಸಾಕು. ದಿನಾಂಕವಿಲ್ಲದ ಅಂಥ ಚಿತ್ರ ಗ್ರಂಥಾಲಯವನ್ನು ಸೇರಿದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ.

ಚಿತ್ರದೊಳಗಿನ ವಸ್ತುಗಳಿಂದ ಕಾಲವನ್ನು ಗುರುತಿಸಬಹುದಲ್ಲವೇ ಎಂಬ ವಾದವಿದೆ. ಭಾಗಶಃ ಅದು ಸರಿ. ವಾಹನದ ಸಂಖ್ಯಾಫಲಕದಲ್ಲಿ 'ಕೆಎ' ಅಕ್ಷರಗಳಿದ್ದರೆ ಚಿತ್ರವು 1989ರಲ್ಲಿ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಗಿಂತ ಹಿಂದಿನದಲ್ಲ. ಅಂಗಡಿಯ ಫಲಕದಲ್ಲಿ 'ಜಿಲ್ಲಾ ಗದಗ' ಎಂದಿದ್ದರೆ ಅದು 1997ರ ಜಿಲ್ಲಾ ರಚನೆಯ ನಂತರದ್ದು. ಆದರೆ ಈ ಸೂತ್ರವನ್ನು ತಿರುವುಮುರುವು ಮಾಡಲು ಬರುವುದಿಲ್ಲ. 'ಜಿಲ್ಲಾ ಧಾರವಾಡ' ಎಂಬ ಫಲಕ 1997ರ ಬಳಿಕವೂ ಗೋಡೆಯ ಮೇಲೆ ಉಳಿಯಬಹುದು. ಬಣ್ಣ ಬಳಿಸಲು ಯಾರಿಗೂ ಅವಸರವಿರುವುದಿಲ್ಲ. ಹೊಸ ಫಲಕವು ಕಾಲದ ಮೇಲ್ಮಿತಿಯನ್ನಲ್ಲ, ಕೆಳಮಿತಿಯನ್ನು ಕೊಡುತ್ತದೆ. ಹಳೆಯ ಫಲಕವು ತಾನಾಗಿ ಏನನ್ನೂ ಸಿದ್ಧಪಡಿಸುವುದಿಲ್ಲ. ಹಳೆಯದನ್ನೇ ಹುಡುಕಿ ಚೌಕಟ್ಟಿನೊಳಗೆ ತರುವ ಛಾಯಾಗ್ರಾಹಕನಾದರೋ ಹೊಸ ಫಲಕವನ್ನು ಬೇಕೆಂದೇ ಹೊರಗಿಡುತ್ತಾನೆ.

4

ಹಾಗಾದರೆ ಈ ಕ್ಯಾಮೆರಾದ ಮೌಲ್ಯವೇನು? ಅದು ಬಿಡಿಚಿತ್ರದಲ್ಲಿಲ್ಲ, ನೆಗೆಟಿವ್ ಪಟ್ಟಿಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಮೂವತ್ತಾರು ಚೌಕಟ್ಟುಗಳ ಒಂದು ಸುರುಳಿಯ ಅಂಚಿನಲ್ಲಿ ಫಿಲ್ಮಿನ ಹೆಸರೂ ಕ್ರಮಸಂಖ್ಯೆಯೂ ಕಾರ್ಖಾನೆಯಲ್ಲಿಯೇ ಮೂಡಿರುತ್ತವೆ. ಹದಿನೇಳನೆಯ ಚಿತ್ರ ಹದಿನಾರರ ನಂತರವೇ ಬಂದದ್ದು. ಅದನ್ನು ಯಾರೂ ಬದಲಿಸಲಾರರು. ಅಚ್ಚುಕೂಟದ ಮುಂದಿನ ಒಂದು ಚಿತ್ರ ಕಾಲಾತೀತವಾಗಿ ಕಂಡರೂ, ಅದರ ಎಡಬಲಗಳಲ್ಲಿ ಮೊಬೈಲ್ ಅಂಗಡಿಯೋ ಹೊಸ ಬಸ್ಸೋ ಇದ್ದೇ ಇರುತ್ತದೆ. ಒಂದು ಮಧ್ಯಾಹ್ನ ಒಬ್ಬ ವ್ಯಕ್ತಿ ಯಾವ ದಾರಿಯಲ್ಲಿ ನಡೆದ, ಎಲ್ಲಿ ನಿಂತ, ಯಾವುದನ್ನು ಎರಡು ಸಲ ನೋಡಿದ ಎಂಬುದು ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಒಂದು ಚಿತ್ರವನ್ನು ಆರಿಸಿ, ಸ್ಕ್ಯಾನ್ ಮಾಡಿ, ಉಳಿದುದನ್ನು ಬಿಸುಡುವವನು ಫಿಲ್ಮ್ ತನಗೆ ಕೊಟ್ಟ ಪ್ರಾಮಾಣ್ಯವನ್ನೇ ಬಿಸುಟಂತೆ.

ಗದಗಿನ ಸಮೀಪದ ಕಣಗಿನಹಾಳ ಈ ಮಾತಿಗೆ ಒಳ್ಳೆಯ ನಿದರ್ಶನ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿದ ಊರು ಇದು. ಸಹಕಾರಿ ಚಳವಳಿಯ ತೊಟ್ಟಿಲೆಂದು ಖ್ಯಾತಿ ಪಡೆದಿದೆ. ಇಂಥ ಊರನ್ನು ಒಂದೇ ಚಿತ್ರದಲ್ಲಿ ತೋರಿಸಹೊರಟರೆ ಸ್ಮಾರಕವೋ ಕಟ್ಟಡವೋ ಸಿಕ್ಕೀತು. ಪಿಗೂನ ಕಾಲದ ಕಲ್ಲಿನ ಪರಂಪರೆಯೇ ಮುಂದುವರಿದೀತು. ಸಹಕಾರ ಎಂಬುದು ಬಿಡಿವಸ್ತುವಲ್ಲ, ಜನರ ನಡುವಿನ ಸಂಬಂಧ. ಅದು ಹೊಲದಿಂದ ಸಂಘಕ್ಕೆ, ಸಂಘದಿಂದ ಗದಗಿನ ಪೇಟೆಗೆ ಹೋಗಿ ಬರುವ ನಡೆಯಲ್ಲಿದೆ. ಆ ನಡೆಯನ್ನು ಅನುಕ್ರಮವೇ ಹಿಡಿಯಬಲ್ಲದು.

ಆದ್ದರಿಂದ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ಬೀದಿಯ ಫಿಲ್ಮ್ ಚಿತ್ರಗಳನ್ನು ಸ್ವೀಕರಿಸುವಾಗ ಮುದ್ರಿತ ಪ್ರತಿಗಷ್ಟೇ ತೃಪ್ತರಾಗದೆ ಇಡೀ ನೆಗೆಟಿವ್ ಪಟ್ಟಿಯನ್ನೂ, ದಿನಾಂಕ, ಸ್ಥಳ, ಕ್ಯಾಮೆರಾಗಳ ವಿವರವನ್ನೂ ಕೇಳಿ ಪಡೆಯಬೇಕು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಈಗ ಇಲ್ಲ. ಅದರ 'ಇಂದು' ಫಿಲ್ಮಿನಲ್ಲಿ ಮೂಡಿದ ಬೀದಿಗಳು ಊರೂರಿನ ಸ್ಟುಡಿಯೋಗಳ ಡಬ್ಬಿಗಳಲ್ಲಿ ಉಳಿದಿದ್ದರೆ ಅವುಗಳಿಗೂ ಇದೇ ನಿಯಮ ಸಲ್ಲಬೇಕು. ಕತ್ತರಿಸುವ ಮೊದಲು ಎಣಿಸಿ, ಬರೆದಿಡುವುದು ಆಗಬೇಕಾದ ಮೊದಲ ಕೆಲಸ.