ನೀರಿನ ಕಾಯಿಲೆಗೆ ಗ್ಯಾಸಿನ ಮದ್ದು

ಥಾಣೆಯ ವಾಗಳೆ ಎಸ್ಟೇಟಿನಿಂದ ರಬಾಳೆ, ಮಹಾಪೆ, ತುರ್ಭೆಯವರೆಗೆ, ಇತ್ತ ಕಲ್ಯಾಣ್ ಸುತ್ತಮುತ್ತ ಮತ್ತು ಡೊಂಬಿವಲಿಯ ಎರಡೂ ಫೇಸ್‌ಗಳಲ್ಲಿ ಚಿಲ್ಲರ್ ಸದ್ದು ಕೇಳಿಸದ ಗಲ್ಲಿ ಕಡಿಮೆ. ಔಷಧ ಕಂಪನಿಯ ರಿಯಾಕ್ಟರಿಗೆ, ಪ್ಲಾಸ್ಟಿಕ್ ಮೋಲ್ಡಿಂಗಿನ ಅಚ್ಚಿಗೆ, ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ, ಐರೋಲಿಯ ಡೇಟಾ ಸೆಂಟರಿಗೆ, ಎಲ್ಲಕ್ಕೂ ತಣ್ಣೀರು ಬೇಕು. 12 ಡಿಗ್ರಿಯಲ್ಲಿ ಬಂದ ನೀರನ್ನು 7ಕ್ಕೆ ಇಳಿಸಿ ಕಳಿಸುವುದಷ್ಟೇ ಆ ಯಂತ್ರದ ಕೆಲಸ. ಅದು 10ರಲ್ಲೇ ನಿಂತುಬಿಟ್ಟರೆ ಮಾಲೀಕನಿಂದ ಹೆಲ್ಪರ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗ್ಯಾಸ್ ಕಮ್ಮಿಯಾಗಿದೆ.

ನಾನು ಈ ಪ್ರದೇಶದಲ್ಲಿ ನೋಡಿದ ಚಿಲ್ಲರ್ ತೊಂದರೆಗಳಲ್ಲಿ ಬಹುಪಾಲು ಗ್ಯಾಸಿನವಲ್ಲ, ನೀರಿನವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ವಾರವಾರವೂ ನಡೆಯುತ್ತಿದೆ. ಅದರ ಖರ್ಚು ಸಿಲಿಂಡರಿನ ಬೆಲೆಯಲ್ಲಿ ಮುಗಿಯುವುದಿಲ್ಲ, ಕಂಪ್ರೆಸರ್ ಕೂಡ ಹೋಗುತ್ತದೆ.

ಡೊಂಬಿವಲಿ ಫೇಸ್ 2ರ ಒಂದು ಬಣ್ಣದ ಕಾರ್ಖಾನೆ. ತಣಿಸುವ ಸಾಮರ್ಥ್ಯ 100 ಟನ್ನಿನ ವಾಟರ್ ಕೂಲ್ಡ್ ಸ್ಕ್ರೂ ಯಂತ್ರ, ಒಳಗೆ ಆರ್-134ಎ ಗ್ಯಾಸ್. ಆಪರೇಟರ್ ವಿಜಯಪುರದ ಇಂಡಿ ಕಡೆಯ ಹುಡುಗ. ನನ್ನ ಮಾತಿನಲ್ಲಿ ಕರಾವಳಿ ಕಂಡದ್ದೇ ಕನ್ನಡಕ್ಕೆ ಹೊರಳಿದ: “ಗ್ಯಾಸ್ ಕಮ್ಮಿ ಆಗೇದ್ರಿ ಸರ, ನೀರು 10ರ ಕೆಳಗ ಇಳೀವಲ್ದು.” ಸಿಲಿಂಡರ್ ತೂಕದ ಯಂತ್ರದ ಮೇಲೆ ತಯಾರಾಗಿ ನಿಂತಿತ್ತು. ಲಿಕ್ವಿಡ್ ಲೈನಿನ ಸೈಟ್ ಗ್ಲಾಸ್ ನೋಡಿದೆ. ಯಂತ್ರ ಪೂರ್ತಿ ಲೋಡಿನಲ್ಲಿದ್ದರೂ ಒಂದು ಗುಳ್ಳೆ ಇಲ್ಲ, ಗಾಜು ತಿಳಿಯಾಗಿತ್ತು, ಅಂದರೆ ಗ್ಯಾಸ್ ಕಮ್ಮಿಯಿರಲಿಲ್ಲ. ಡಿಸ್ಚಾರ್ಜ್ ಗೇಜು 154 ಪಿಎಸ್‌ಐ ತೋರಿಸುತ್ತಿತ್ತು. ಆರ್-134ಎಗೆ ಆ ಒತ್ತಡ ಎಂದರೆ ಸುಮಾರು 45 ಡಿಗ್ರಿಯಲ್ಲಿ ಗ್ಯಾಸ್ ದ್ರವವಾಗುತ್ತಿದೆ ಎಂದರ್ಥ. ಕಂಡೆನ್ಸರಿನಿಂದ ಹೊರಬೀಳುವ ನೀರು 37 ಡಿಗ್ರಿ. ಇವೆರಡರ ನಡುವಿನ ಅಂತರಕ್ಕೆ ನಮ್ಮವರು ಅಪ್ರೋಚ್ ಎನ್ನುತ್ತಾರೆ. ಚೊಕ್ಕವಾಗಿರುವ ಕಂಡೆನ್ಸರಿನಲ್ಲಿ ಅದು 2 ಡಿಗ್ರಿ ಆಸುಪಾಸು ಇರಬೇಕು. ಆಗ ಗೇಜು ನಿಲ್ಲುವುದು 129ರ ಹತ್ತಿರ. ಇಲ್ಲಿ ಅಂತರ 8.

ಒಳಗೆ ಗಾಳಿ ಸೇರಿದರೂ ಹೀಗೇ ಆಗುತ್ತದೆ, ಆದ್ದರಿಂದ ಅದನ್ನು ಮೊದಲು ಪರೀಕ್ಷಿಸಬೇಕು. ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್ ನೀರು ಮಾತ್ರ ಓಡಲು ಬಿಟ್ಟೆವು. ಒಳಹೋಗುವ ನೀರು, ಹೊರಬರುವ ನೀರು ಎರಡೂ ಒಂದೇ ಉಷ್ಣತೆಗೆ ಬಂದವು. ಆ ಉಷ್ಣತೆಗೆ ಚಾರ್ಟಿನಲ್ಲಿ ಎಷ್ಟು ಒತ್ತಡ ಬರೆದಿದೆಯೋ ಗೇಜು ಅಲ್ಲಿಗೇ ಬಂದು ನಿಂತಿತು. ಗಾಳಿ ಇದ್ದಿದ್ದರೆ ಅದಕ್ಕಿಂತ ಮೇಲೆ ನಿಲ್ಲುತ್ತಿತ್ತು. ಹಾಗಾದರೆ ಉಳಿದದ್ದು ಕೊಳವೆಯ ಒಳಮೈ. ಎಂಡ್ ಕವರ್ ಬಿಚ್ಚಿಸಿದೆ. ಬಿಸಿನೀರು ಹೊರಹೋಗುವ ಮೇಲಿನ ಸಾಲಿನ ಕೊಳವೆಗಳಲ್ಲಿ ತಾಮ್ರದ ಬಣ್ಣವೇ ಕಾಣುತ್ತಿರಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಮೊಟ್ಟೆಯ ಚಿಪ್ಪಿನಷ್ಟು ದಪ್ಪದ ಬೂದುಬಿಳಿ ಹಕ್ಕಳೆ ಅಂಗೈಗೆ ಉದುರಿತು. ಡಿಸ್ಕೇಲಿಂಗ್ ಆ್ಯಸಿಡ್ಡಿನ ಒಂದು ಹನಿ ಬಿಟ್ಟೆ. ನೊರೆ ಎದ್ದಿತು. ಸುಣ್ಣದ ಅಂಶ, ಬೇರೆ ಸಾಕ್ಷಿ ಬೇಕಿರಲಿಲ್ಲ. ತಾಮ್ರ ಶಾಖ ಹರಿಸುವುದಕ್ಕೂ ಈ ಹಕ್ಕಳೆ ಹರಿಸುವುದಕ್ಕೂ ನೂರು ಪಟ್ಟಿಗಿಂತ ಹೆಚ್ಚು ಅಂತರವಿದೆ. ಆ ಯಂತ್ರಕ್ಕೆ ಇನ್ನಷ್ಟು ಗ್ಯಾಸ್ ತುಂಬಿದ್ದರೆ ದ್ರವ ಕಂಡೆನ್ಸರಿನಲ್ಲೇ ಮಡುಗಟ್ಟಿ, ಹೆಡ್ ಪ್ರೆಶರ್ ಮತ್ತೂ ಏರಿ, ಮಧ್ಯಾಹ್ನದ ಹೊತ್ತಿಗೆ ಯಂತ್ರ ಹೈ ಪ್ರೆಶರಿನಲ್ಲಿ ಟ್ರಿಪ್ ಆಗುತ್ತಿತ್ತು.

ಈ ಸುಣ್ಣ ಎಲ್ಲಿಂದ ಬಂತು? ಕೈಗಾರಿಕಾ ನಿಗಮದ, ಅಂದರೆ ಎಂಐಡಿಸಿಯ ನಲ್ಲಿಯಲ್ಲಿ ಬರುವುದು ಬಾರವಿ ಅಣೆಕಟ್ಟಿನ, ಉಲ್ಲಾಸ್ ನದಿಯ ನೀರು, ಜಾಂಭೂಳದಲ್ಲಿ ಶುದ್ಧಮಾಡಿ ಬಿಟ್ಟದ್ದು. ಮಳೆಯ ನೀರಾದ್ದರಿಂದ ಅದರಲ್ಲಿ ಗಡಸುತನ ಹೆಚ್ಚಿಲ್ಲ. ಆದರೆ ದುರಸ್ತಿಗೆಂದು ಗುರುವಾರ ಮಧ್ಯರಾತ್ರಿಯಿಂದ ಶುಕ್ರವಾರ ಮಧ್ಯರಾತ್ರಿವರೆಗೆ ನೀರು ಬಂದ್ ಎಂಬ ಪ್ರಕಟಣೆ ನಮಗೆಲ್ಲ ಗೊತ್ತಿರುವುದೇ. ಆ ದಿನ ಟ್ಯಾಂಕರ್ ಬರುತ್ತದೆ. ಬೇಸಿಗೆಯಲ್ಲಿ ಉಳಿದ ದಿನವೂ ಬರುತ್ತದೆ. ಟ್ಯಾಂಕರಿನೊಳಗೆ ಇರುವುದು ಬೋರ್‌ವೆಲ್ ನೀರೋ, ಬಾವಿಯದೋ, ಕೇಳುವವರಿಲ್ಲ. ಕೂಲಿಂಗ್ ಟವರಿಗೆ ತಾನೆ, ಯಾವ ನೀರಾದರೇನು ಎಂಬ ಧೋರಣೆ.

ಲೆಕ್ಕ ಹಾಕಿ ನೋಡೋಣ. 100 ಟನ್ನಿನ ಯಂತ್ರ ಪೂರ್ತಿ ಲೋಡಿನಲ್ಲಿದ್ದಾಗ, ಕಂಡೆನ್ಸರಿನ ಬಿಸಿನೀರನ್ನು ತಣಿಸುವ ಈ ಟವರಿನಿಂದ ಗಂಟೆಗೆ ಸುಮಾರು 600 ಲೀಟರ್ ನೀರು ಆವಿಯಾಗುತ್ತದೆ. ಹತ್ತು ಗಂಟೆಗೆ 6,000 ಲೀಟರ್. ಟ್ಯಾಂಕರ್ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಇದ್ದರೆ, ಒಂದೇ ದಿನದಲ್ಲಿ 3.6 ಕಿಲೋ ಉಪ್ಪಿನಂಶ ಟವರಿನ ತೊಟ್ಟಿಯಲ್ಲಿ ಉಳಿಯುತ್ತದೆ, ಏಕೆಂದರೆ ಆವಿಯಾಗುವುದು ನೀರು ಮಾತ್ರ. ಬ್ಲೋ ಡೌನ್ ವಾಲ್ವ್ ತೆರೆದು ದಪ್ಪಗಾದ ನೀರನ್ನು ಹೊರಬಿಡದೆ ಹೋದರೆ ಈ ಕಿಲೋಗಳೆಲ್ಲ ಒಂದು ಕಡೆ ಕೂರಲೇಬೇಕು. ಸಕ್ಕರೆ, ಅಡುಗೆ ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟಿನದು, ಅಂದರೆ ಈ ಸುಣ್ಣದ್ದು, ಇದರ ತಿರುಗುಮುರುಗು, ಬಿಸಿಯಾದಷ್ಟೂ ಕರಗುವುದು ಕಡಿಮೆ. ಹಾಗಾಗಿ ಅದು ತೊಟ್ಟಿಯ ತಳ ಬಿಟ್ಟು ನೇರವಾಗಿ ಕಂಡೆನ್ಸರಿನ ಅತಿ ಬಿಸಿ ಕೊಳವೆಯನ್ನೇ ಆರಿಸಿಕೊಳ್ಳುತ್ತದೆ. ನೀರು ಉಳಿಸುತ್ತೇವೆಂದು ಬ್ಲೋ ಡೌನ್ ಮುಚ್ಚಿಟ್ಟವರು ಕರೆಂಟಿನಲ್ಲಿ ಅದರ ದುಪ್ಪಟ್ಟು ಕೊಡುತ್ತಾರೆ. ಗ್ಯಾಸ್ ದ್ರವವಾಗುವ ಉಷ್ಣತೆ 1 ಡಿಗ್ರಿ ಏರಿದರೆ ಕಂಪ್ರೆಸರ್ ಸುಮಾರು ಶೇ 2ರಿಂದ 3ರಷ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. ಡೊಂಬಿವಲಿಯ ಆ ಯಂತ್ರ 6 ಡಿಗ್ರಿ ಮೇಲಿತ್ತು.

ಡಿಸ್ಕೇಲಿಂಗ್ ಮಾಡಿಸುವಾಗ ಒಂದು ಮಾತು. ಆ್ಯಸಿಡ್ಡಿಗೆ ಇನ್ಹಿಬಿಟರ್ ಬೆರೆಸಿಯೇ ಓಡಿಸಬೇಕು, ಇಲ್ಲದಿದ್ದರೆ ಸುಣ್ಣದ ಜತೆಗೆ ತಾಮ್ರವೂ ಸವೆಯುತ್ತದೆ. ಕೆಲಸ ಮುಗಿದ ಮೇಲೆ ಆ ನೀರನ್ನು ಸೋಡಾ ಹಾಕಿ ಶಮನಗೊಳಿಸಿ, ಎಫ್ಲುಯೆಂಟ್ ಲೈನಿಗೇ ಬಿಡಿ. ರಾತ್ರಿ ಕಾದು ನಾಲೆಗೆ ಸುರಿಯುವವರನ್ನು ನಾನು ಬಲ್ಲೆ. ಆ ನಾಲೆಯ ಬದಿಯಲ್ಲಿ ನಮ್ಮವರದೇ ಮನೆಗಳಿವೆ.

ಮಳೆಗಾಲದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ. ಹೊರಗೆ ಧೋ ಎಂದು ಸುರಿಯುತ್ತಿದೆ, ಸೆಕೆ ಇಳಿದಿದೆ, ಟವರಿನ ನೀರು ಇನ್ನೂ 31 ಡಿಗ್ರಿ ಏಕೆ ಎಂದು ಫೋನ್ ಬರುತ್ತದೆ. ಟವರ್ ನೀರನ್ನು ತಣಿಸುವುದು ಆವಿಯ ಮೂಲಕ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿಗೆ ಜಾಗವಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಎಷ್ಟು ತೋರಿಸುತ್ತದೋ, ಅಂದರೆ ವೆಟ್ ಬಲ್ಬ್, ಅದಕ್ಕಿಂತ ಕೆಳಗೆ ಯಾವ ಟವರೂ ನೀರನ್ನು ಇಳಿಸಲಾರದು. ಜುಲೈಯಲ್ಲಿ ನಮ್ಮಲ್ಲಿ ಗಾಳಿ 29 ಡಿಗ್ರಿ, ತೇವ ಶೇ 85 ಇದ್ದರೆ ವೆಟ್ ಬಲ್ಬ್ 27ರ ಹತ್ತಿರ. ಏಪ್ರಿಲ್‌ನ ವಿಜಯಪುರದಲ್ಲಿ 40 ಡಿಗ್ರಿ ಬಿಸಿಲು, ತೇವ ಶೇ 20 ಇದ್ದರೆ ಅದು 22ರ ಆಸುಪಾಸು. ಅಂದರೆ ಅಲ್ಲಿನ ಉರಿಬಿಸಿಲಲ್ಲಿ ಟವರ್ ಕೊಡುವ ನೀರು ನಮ್ಮ ಮಳೆಗಾಲದ ನೀರಿಗಿಂತ ತಣ್ಣಗಿರುತ್ತದೆ. ಇಂಡಿಯ ಹುಡುಗನಿಗೆ ಇದನ್ನು ಹೇಳಿದಾಗ ಅವನು ಮೊದಲು ನಂಬಲಿಲ್ಲ. ಆಮೇಲೆ ಊರಿನ ಮಣ್ಣಿನ ಕೊಡದ ನೀರು ನೆನಪಾಗಿ ತಲೆದೂಗಿದ. ಆದ್ದರಿಂದ ಜುಲೈಯಲ್ಲಿ 31 ಡಿಗ್ರಿ ದೋಷವಲ್ಲ. 34 ಆದರೆ ಫ್ಯಾನ್ ಬೆಲ್ಟ್, ಮುಚ್ಚಿಕೊಂಡ ನಾಝಲ್, ಪಾಚಿ ಹಿಡಿದ ಫಿಲ್, ಇವನ್ನು ನೋಡಿ.

ಇನ್ನು ತಣ್ಣೀರಿನ ಕಡೆ. ಇಲ್ಲಿ ತಪ್ಪಾದರೆ ಯಂತ್ರವೇ ಹೋಗುತ್ತದೆ. 100 ಟನ್ನಿನ ಯಂತ್ರ 5 ಡಿಗ್ರಿ ಇಳಿಸಬೇಕಾದರೆ ಇವಾಪರೇಟರಿನಲ್ಲಿ ಗಂಟೆಗೆ ಸುಮಾರು 60,000 ಲೀಟರ್ ನೀರು ಓಡಬೇಕು. ಮೋಲ್ಡಿಂಗ್ ಘಟಕಗಳಲ್ಲಿ ತೊಟ್ಟಿ ತೆರೆದಿರುತ್ತದೆ. ಪ್ಲಾಸ್ಟಿಕ್ ಕಾಳು, ತುಕ್ಕಿನ ಚೂರು, ಒರೆಸುವ ಬಟ್ಟೆಯ ನೂಲು ಎಲ್ಲ ಹೋಗಿ ಸ್ಟ್ರೈನರಿನಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಕಡಿಮೆಯಾದಂತೆ ಸಕ್ಷನ್ ಪ್ರೆಶರ್ ಇಳಿಯುತ್ತದೆ. ಗ್ಯಾಸ್ ಕಡಿಮೆಯಾದರೂ ಇಳಿಯುವುದು ಅದೇ ಗೇಜು, ಹಾಗಾಗಿ ಮೋಸಹೋಗುವುದು ಸುಲಭ. ಬಿಡಿಸುವ ದಾರಿ ಸೂಪರ್‌ಹೀಟ್. ಸಕ್ಷನ್ ಪೈಪಿಗೆ ಥರ್ಮಾಮೀಟರ್ ಕಟ್ಟಿ, ಗೇಜಿನ ಒತ್ತಡಕ್ಕೆ ಚಾರ್ಟ್ ಹೇಳುವ ಉಷ್ಣತೆಯನ್ನು ಅದರಿಂದ ಕಳೆಯಿರಿ. ಸಾಮಾನ್ಯವಾಗಿ 5-6 ಡಿಗ್ರಿ ಇರುತ್ತದೆ. ಸಕ್ಷನ್ ಬಿದ್ದು ಸೂಪರ್‌ಹೀಟ್ ಏರಿದ್ದರೆ ಗ್ಯಾಸ್ ಸಾಕಷ್ಟು ತಲುಪುತ್ತಿಲ್ಲ. ಸೋರಿ ಹೋಗಿರಬಹುದು, ಇಲ್ಲವೇ ಡ್ರೈಯರ್ ಚೋಕಪ್ ಆಗಿರಬಹುದು. ಡ್ರೈಯರಿನ ಎರಡೂ ತುದಿ ಕೈಯಿಂದ ಮುಟ್ಟಿ ನೋಡಿ, ಆಚೆ ತುದಿ ತಣ್ಣಗಿದ್ದು ಬೆವರಿದ್ದರೆ ಅದೇ ಕಳ್ಳ. ಸಕ್ಷನ್ ಬಿದ್ದರೂ ಸೂಪರ್‌ಹೀಟ್ ತಗ್ಗಿಯೇ ಇದ್ದರೆ ಬರಬೇಕಾದ ಶಾಖವೇ ಬರುತ್ತಿಲ್ಲ. ಸ್ಟ್ರೈನರ್ ತೆಗೆಯಿರಿ.

ಆರ್-134ಎಯ ಸಕ್ಷನ್ 28 ಪಿಎಸ್‌ಐಗಿಂತ ಕೆಳಗೆ ಹೋದರೆ ಇವಾಪರೇಟರಿನಲ್ಲಿ ಗ್ಯಾಸ್ ಕುದಿಯುವುದೇ ಸೊನ್ನೆ ಡಿಗ್ರಿಯ ಕೆಳಗೆ. ಗ್ಲೈಕೋಲ್ ಇಲ್ಲದ ನೀರು ಹೆಪ್ಪುಗಟ್ಟಬಹುದು. ಹೆಪ್ಪಾದಾಗ ನೀರಿನ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕೊಳವೆ ಸೀಳುತ್ತದೆ, ನೀರು ಗ್ಯಾಸಿನ ಸರ್ಕೀಟಿಗೆ ನುಗ್ಗುತ್ತದೆ. ಆಮೇಲೆ ಕಂಪ್ರೆಸರ್, ಆಯಿಲ್, ವಾಲ್ವ್ ಎಲ್ಲದರ ಕಥೆಯೂ ಮುಗಿದಂತೆಯೇ. ಇದನ್ನು ತಡೆಯಲೆಂದೇ, ನೀರು ಕಡಿಮೆಯಾದರೆ ಯಂತ್ರ ನಿಲ್ಲಿಸುವ ಫ್ಲೋ ಸ್ವಿಚ್ ಇದೆ, ಆ್ಯಂಟಿಫ್ರೀಜ್ ಥರ್ಮೋಸ್ಟಾಟ್ ಇದೆ. ಪ್ಯಾನೆಲ್ ತೆರೆದಾಗ ಫ್ಲೋ ಸ್ವಿಚ್ಚಿನ ಎರಡು ಟರ್ಮಿನಲ್‌ಗಳ ನಡುವೆ ತುಂಡು ವೈರ್ ಸಿಕ್ಕಿಸಿರುವುದನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. “ಪದೇಪದೇ ಟ್ರಿಪ್ ಆಗುತ್ತಿತ್ತು” ಎನ್ನುತ್ತಾರೆ. ಟ್ರಿಪ್ ಆಗಿ ಅದು ತನ್ನ ಕೆಲಸ ಮಾಡುತ್ತಿತ್ತು. ಆ ವೈರನ್ನು ಇಂದೇ ಕಿತ್ತು ಹಾಕಿ.

ಹಾಗೆಂದು ಗ್ಯಾಸ್ ಸೋರುವುದೇ ಇಲ್ಲವೆಂದಲ್ಲ. ಕಡಲ ಖಾಡಿಯ ಅಂಚಿನಲ್ಲಿ, ಕೆಮಿಕಲ್ ಘಟಕಗಳ ನಡುವೆ ಇರುವ ಏರ್ ಕೂಲ್ಡ್ ಯಂತ್ರಗಳಲ್ಲಿ ನಿಜಕ್ಕೂ ಸೋರುತ್ತದೆ. ಅಲ್ಲಿನ ಗಾಳಿಯಲ್ಲಿರುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ, ಕಾಯಿಲಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಅಲ್ಲಿ ಸಾಬೂನು ನೀರು, ನೈಟ್ರೋಜನ್ ಒತ್ತಡ ಹಾಕಿ ತೂತು ಹುಡುಕಿ ಮುಚ್ಚಿದ ಮೇಲೆಯೇ ಸಿಲಿಂಡರ್ ಮುಟ್ಟಬೇಕು. ಆರ್-407ಸಿ ಮೂರು ಗ್ಯಾಸ್‌ಗಳ ಮಿಶ್ರಣ. ಸೋರುವಾಗ ಮೂರೂ ಒಂದೇ ಪ್ರಮಾಣದಲ್ಲಿ ಹೋಗದಿರಬಹುದು, ಆದ್ದರಿಂದ ಅರ್ಧ ಸೋರಿದ ಯಂತ್ರಕ್ಕೆ ಟಾಪ್ ಅಪ್ ಮಾಡದೆ ಪೂರ್ತಿ ತೆಗೆದು ಹೊಸದಾಗಿ ತೂಕಮಾಡಿ ದ್ರವರೂಪದಲ್ಲೇ ತುಂಬುವುದು ಲೇಸು. ಹೊಸ ಕಾಯಿಲ್ ತರಿಸುವವರು ಕೋಟಿಂಗ್ ಮಾಡಿದ್ದನ್ನೇ ಕೇಳಿ ಪಡೆಯಿರಿ. ಇದು ಬರೀ ದುಡ್ಡಿನ ಮಾತೂ ಅಲ್ಲ. ಒಂದು ಕಿಲೋ ಆರ್-134ಎ ಆಕಾಶಕ್ಕೆ ಹೋದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿಮಾಡುತ್ತದೆ.

ಲಾಗ್ ಬುಕ್ಕಿನಲ್ಲಿ ದಿನಕ್ಕೊಮ್ಮೆ, ಲೋಡು ಹೆಚ್ಚಿರುವ ಹೊತ್ತಿನಲ್ಲಿ, ಕಂಡೆನ್ಸರಿನ ಅಪ್ರೋಚ್ ಬರೆಯುವ ರೂಢಿ ಮಾಡಿಕೊಳ್ಳಿ. 2 ಇದ್ದದ್ದು 4 ಆಯಿತೆಂದರೆ ಬ್ರಷ್ ಹೊಡೆಯುವ ಸಮಯ. ಗಣೇಶ ಚತುರ್ಥಿಗೆ ಕೊಂಕಣದ ಹುಡುಗರೆಲ್ಲ ಊರಿಗೆ ಹೋಗುವುದರಿಂದ ಬಹಳ ಘಟಕಗಳು ಎರಡು ಮೂರು ದಿನ ನಿಧಾನವಾಗುತ್ತವೆ. ಎಂಡ್ ಕವರ್ ಬಿಚ್ಚಲು ಅದೇ ಒಳ್ಳೆಯ ಹೊತ್ತು. ಗ್ಯಾಸ್ಕೆಟ್ ಮಾತ್ರ ಮೊದಲೇ ತರಿಸಿಟ್ಟುಕೊಳ್ಳಿ, ಹಬ್ಬದ ದಿನ ಅಂಗಡಿ ತೆರೆದಿರುವುದಿಲ್ಲ.