ಕೆರೆ ಚಿಪ್ಪಿನೊಳಗಿನ ರೇಷ್ಮೆ

ಚಿಪ್ಪು ಕೂಡಿಡುವ ಹುಚ್ಚಿನವರೆಲ್ಲ ಕಡಲಿನತ್ತಲೇ ಓಡುತ್ತಾರೆ. ಬೇಸಿಗೆಯಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಕೆರೆಯಂಗಳದಲ್ಲಿ ಸಿಗುವ ಕಪ್ಪೆಚಿಪ್ಪನ್ನು ಕೇಳುವವರಿಲ್ಲ. ಹೊರಗೆ ಕೆಸರುಗಂದು, ಒಳಗೆ ಬೆಳ್ಳಿ. ಆರಿಸುವಾಗ ನನ್ನದೊಂದೇ ಹಟ: ಬಿಸಿಲಿಗೆ ಬಿದ್ದು ಬಿಳಿಚಿಕೊಂಡದ್ದು ಬೇಡ, ಕೆಸರಲ್ಲಿ ಹುದುಗಿದ್ದು ಬೇಕು. ಬಿಸಿಲುಂಡ ಚಿಪ್ಪಿನಲ್ಲಿ ಸುಣ್ಣವೇನೋ ಉಳಿದಿರುತ್ತದೆ. ಪದರಗಳ ನಡುವಿನ ಪ್ರೋಟೀನು ಹಾಳಾಗಿರುತ್ತದೆ. ಉಗುರು ತಾಕಿಸಿದರೆ ಚಕ್ಕೆ ಏಳುತ್ತದೆ.

ಒಳಗಿನ ಈ ಬೆಳ್ಳಿಯ, ಅಂದರೆ ಮುತ್ತಿನ ಪದರದ ತೂಕದಲ್ಲಿ ನೂರಕ್ಕೆ ಸುಮಾರು 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಕಾರುಬಾರೆಲ್ಲ ಮಿಕ್ಕ ಐದರಲ್ಲಿರುವ ಪ್ರೋಟೀನಿನದ್ದು. ಈ ಸುಣ್ಣ ಕ್ಯಾಲ್ಸೈಟ್ ಆಗಿಯೂ ಹರಳುಗಟ್ಟಬಹುದು, ಅರಗೊನೈಟ್ ಆಗಿಯೂ ಹರಳುಗಟ್ಟಬಹುದು. ಕಡಲಿನ ಮುತ್ತಿನ ಸಿಂಪಿ ಒಂದೇ ಚಿಪ್ಪಿನ ಹೊರಪದರಕ್ಕೆ ಮೊದಲನೆಯದನ್ನು, ಒಳಪದರಕ್ಕೆ ಎರಡನೆಯದನ್ನು ಬಳಸುತ್ತದೆ. ನಮ್ಮ ಕೆರೆಯದ್ದು ಎರಡಕ್ಕೂ ಅರಗೊನೈಟೇ.

ಎಲ್ಲಿ ಯಾವುದೆಂದು ತೀರ್ಮಾನಿಸುವವರು ಯಾರು? 1996ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಲಿಯಾ ಅಡ್ಡಾಡಿ, ಸ್ಟೀವ್ ವೀನರ್ ಮತ್ತು ಸಂಗಡಿಗರು ಕೈಟಿನ್ ಎಂಬ ನಾರಿನ ಜಾಲದಲ್ಲಿ ರೇಷ್ಮೆಯ ಪ್ರೋಟೀನಾದ ಫೈಬ್ರೊಯಿನ್ ಹೀರಿಸಿ, ಅದಕ್ಕೆ ಚಿಪ್ಪಿನಿಂದ ತೆಗೆದ ಆಮ್ಲೀಯ ಪ್ರೋಟೀನು ಬೆರೆಸಿದರು. ಅರಗೊನೈಟ್ ಪದರದ ಪ್ರೋಟೀನು ಹಾಕಿದರೆ ಅರಗೊನೈಟ್, ಕ್ಯಾಲ್ಸೈಟ್ ಪದರದ್ದು ಹಾಕಿದರೆ ಕ್ಯಾಲ್ಸೈಟ್! ರೇಷ್ಮೆ ಯಾಕೆ ಬೇಕಾಯಿತೆಂದರೆ, ಮೃದ್ವಂಗಿಯ ಮುತ್ತಿನ ಪದರದಲ್ಲೂ ಅಂಥದೇ ಪ್ರೋಟೀನು ಇದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡಿನಲ್ಲಿರುವುದೂ ಇದೇ ಫೈಬ್ರೊಯಿನ್. ಹಿಪ್ಪುನೇರಳೆ ತೋಟದ ಹುಳುವೂ ಪಕ್ಕದ ಕೆರೆಯ ಕಪ್ಪೆಚಿಪ್ಪೂ ಹೀಗೆ ದೂರದ ಬೀಗರು.

ಆಮ್ಲೀಯ ಪ್ರೋಟೀನುಗಳಲ್ಲಿ ಆಸ್ಪಾರ್ಟಿಕ್ ಆಮ್ಲ ಹೆಚ್ಚು. ಅದರ ಋಣ ವಿದ್ಯುದಂಶ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. 2009ರಲ್ಲಿ ಜಪಾನಿನವರು ಮುತ್ತಿನ ಸಿಂಪಿಯಲ್ಲಿ ‘ಪಿಫ್’ ಎಂಬ ಪ್ರೋಟೀನಿನ ಜೀನನ್ನು ಅಡಗಿಸಿದಾಗ ಪದರಗಳ ಜೋಡಣೆಯೇ ಕೆಟ್ಟಿತು. ಜೋಡಣೆ ಕೆಟ್ಟರೆ ಬಣ್ಣವೂ ಕೆಟ್ಟಂತೆ: ಪದರದ ಒಂದೊಂದು ಅರಗೊನೈಟ್ ಬಿಲ್ಲೆಯ ದಪ್ಪ ಅರ್ಧ ಮೈಕ್ರಾನಿನ ಆಸುಪಾಸು, ಬೆಳಕಿನ ಅಲೆಯುದ್ದದ ಅಳತೆಯದೇ; ಚಿಪ್ಪು ಬಣ್ಣಬಣ್ಣವಾಗಿ ಮಿನುಗುವುದು ಅದಕ್ಕೇ. 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಕುಳಿತು ಸಿ.ವಿ. ರಾಮನ್ ಮಿನುಗು ಚಿಪ್ಪುಗಳ ಬಗ್ಗೆ ಲೇಖನಮಾಲೆಯನ್ನೇ ಬರೆದರು. ಅವರ ನೊಬೆಲ್ ಗೊತ್ತಿದ್ದಷ್ಟು ಈ ಚಪಲ ನಮಗೆ ಗೊತ್ತಿಲ್ಲ.

ಚಿಪ್ಪಿನ ಪದರಗಳ ನಡುವಿನ ಪ್ರೋಟೀನನ್ನು ಕಣ್ಣಾರೆ ನೋಡಬೇಕೆ? ಒಡೆದ ಚಿಪ್ಪಿನ ತುಣುಕೊಂದನ್ನು ವಿನೆಗರಿನಲ್ಲಿ ಹಾಕಿ, ಗುಳ್ಳೆ ಏಳುವುದು ನಿಂತಾಗಲೆಲ್ಲ ವಿನೆಗರ್ ಬದಲಿಸಿ. ಸುಣ್ಣ ಕರಗಿ ತೆಳ್ಳನೆಯ ಪೊರೆಗಳು ಉಳಿಯುತ್ತವೆ. ಒಣಗಲು ಬಿಡದೆ ನೀರಿನಲ್ಲೇ ಭೂತಗನ್ನಡಿ ಹಿಡಿದು ನೋಡಿ. ಕಂದು ಹೊರಸಿಪ್ಪೆಯನ್ನು ಮಾತ್ರ ಮೊದಲೇ ಕೆರೆದು ತೆಗೆಯಿರಿ. ಅದೂ ವಿನೆಗರಿಗೆ ಕರಗುವುದಿಲ್ಲ, ನೋಡುವವರನ್ನು ಏಮಾರಿಸುತ್ತದೆ.